ಆರಡಿ ಮನುಷ್ಯನ ಅಡುಗೆಮನೆ

ಮನೆಯ ನಕ್ಷೆಯಲ್ಲಿ ಬೇಕಾದ ಕೋಣೆಗಳಿಗೆಲ್ಲ ಜಾಗ ಹಂಚಿದ ಮೇಲೆ ಮೂಲೆಯಲ್ಲಿ ಏನು ಉಳಿಯುತ್ತದೋ ಅದಕ್ಕೆ ಅಡುಗೆಮನೆ ಎಂದು ಹೆಸರು. ಇದು ಗೊತ್ತಿಲ್ಲ ಅನ್ನುವವರು ಇದ್ದರೆ, ಅವರು ಇದುವರೆಗೆ ಒಲೆಯ ಮುಂದೆ ಒಂದು ಗಳಿಗೆಯೂ ನಿಂತಿಲ್ಲ ಎಂದು ಧಾರಾಳವಾಗಿ ತಿಳಿಯಬಹುದು. ಕಾರಿಗೆ ಎಷ್ಟು ಜಾಗ ಬೇಕು ಎಂದು ಕಾರನ್ನು ಅಳೆಯುತ್ತಾರೆ. ಟಿವಿಗೆ ಎಷ್ಟು ಗೋಡೆ ಬೇಕು ಎಂದು ಟಿವಿಯನ್ನು ಅಳೆಯುತ್ತಾರೆ. ಅಡುಗೆ ಮಾಡುವವಳನ್ನು ಅಳೆದು ಅಡುಗೆಮನೆ ಕಟ್ಟಿದವರನ್ನು ಎಲ್ಲಾದರೂ ಕಂಡಿದ್ದೀರಾ?

ಕಂಡಿರಲಾರಿರಿ. ಅಂಥವರು ಇದ್ದರೆ ತಾನೇ ಕಾಣುವುದು.

ಈ ಉಳಿಕೆ ಹಂಚುವ ಶಾಸ್ತ್ರದಲ್ಲಿ ಮೂವತ್ತು ವರ್ಷ ಪಳಗಿದ ಒಬ್ಬ ಆರ್ಕಿಟೆಕ್ಟ್ ಇದ್ದ. ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಗಿಡ್ಡ ಸ್ಕೇಲು. ಮಾತಾಡುತ್ತಾ ಮಾತಾಡುತ್ತಾ ಎದುರಿಗಿದ್ದವರ ಮೇಜು, ಲೋಟ, ಒಮ್ಮೊಮ್ಮೆ ಅವರ ಮೊಣಕೈಯನ್ನೂ ಅಳೆದುಬಿಡುವ ಚಟ. ಹಾಗಾಗಿ ಆಫೀಸಿನ ಕಿರಿಯರು ಅವನಿಗೆ ಸ್ಕೇಲಪ್ಪ ಎಂದು ಹೆಸರಿಟ್ಟಿದ್ದರು. ಎದುರಿಗೆ ಸರ್, ಬೆನ್ನು ತಿರುಗಿದರೆ ಸ್ಕೇಲಪ್ಪ. ಆಸಾಮಿ ಕೆಟ್ಟವನಲ್ಲ. ಎತ್ತರದ ಆಳು, ಮೆತ್ತನೆಯ ಮನಸ್ಸು, ಹಳೆಯದನ್ನು ಕಂಡರೆ ಕಣ್ಣು ತೇವ. ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಹಳೆಯದಕ್ಕಾಗಿ ಅಳುವ ಕಣ್ಣೂ, ಹಳೆಯದನ್ನು ಕೆಡವುವ ನಕ್ಷೆಗೆ ಸಹಿ ಹಾಕುವ ಕೈಯೂ ಒಂದೇ ಮೈಯಲ್ಲಿ ತಂಟೆ ತಕರಾರಿಲ್ಲದೆ ಸಂಸಾರ ಮಾಡಿಕೊಂಡಿದ್ದವು.

ಭಾನುವಾರ ಬೆಳಿಗ್ಗೆ ಅವನೂ ಅವನಂಥ ನಾಲ್ಕಾರು ಮಂದಿಯೂ ಸೇರಿ ಊರಿನ ಹಳೇ ಬೀದಿಗಳಲ್ಲಿ ತಿರುಗುತ್ತಿದ್ದರು. ತಮಗೆ ತಾವೇ ‘ಹಳೇ ಬಾಗಿಲು ಬಳಗ’ ಎಂದು ನಾಮಕರಣ ಮಾಡಿಕೊಂಡಿದ್ದರು. ಮರದ ಕೆತ್ತನೆ ಇರುವ ಯಾವುದಾದರೂ ಬಾಗಿಲಿನ ಎದುರು ಮಡಚುವ ಸ್ಟೂಲು ಹಾಕಿ ಕೂರುವುದು, ಚಿತ್ರ ಬರೆಯುವುದು, ನಿಟ್ಟುಸಿರು ಬಿಡುವುದು, ಚಹಾ ಕುಡಿದು ಮನೆಗೆ ಬರುವುದು, ಬಳಗದ ಕಾರ್ಯಕಲಾಪ ಇಷ್ಟೇ. ಬಾಗಿಲಿನ ಒಳಗಿದ್ದವರು ಈ ಕಲಾವಿದರನ್ನು ದಾಟಿ ಹೊರಗೆ ಬರಲಾಗದೆ ಹಿಂದಿನ ಗೋಡೆ ಹಾರಿ ಕೆಲಸಕ್ಕೆ ಓಡಿದ್ದೂ ಉಂಟಂತೆ. ಸೋಮವಾರ ಅದೇ ಮನೆಯ ಯಜಮಾನ, ಇದನ್ನು ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿಕೊಡಿ ಎಂದು ಆಫೀಸಿಗೆ ಬರುತ್ತಿದ್ದ. ಸ್ಕೇಲಪ್ಪ ಭಾನುವಾರದ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಅವನಿಗೇ ಕಾಣಿಕೆ ಕೊಟ್ಟು ಕೆಲಸ ಒಪ್ಪಿಕೊಳ್ಳುತ್ತಿದ್ದ. (ಹೊಸ ಮನೆಯ ಗೋಡೆಗೂ ಏನಾದರೂ ಬೇಕಲ್ಲ.)

ಆಫೀಸಿನಲ್ಲೂ ಅವನ ಮೈ ಈ ಕಾಲದಲ್ಲಿ, ಮನಸ್ಸು ಹಿಂದಿನ ಕಾಲದಲ್ಲಿ. ಈಗ ಅಲ್ಲಿ ಸಾಲಾಗಿ ಕಂಪ್ಯೂಟರುಗಳು; ಇಡೀ ದಿನ ಇಲಿ ಕಡಿದ ಹಾಗೆ ಕಟಕಟ ಸದ್ದು. ಅವನು ಕೆಲಸಕ್ಕೆ ಸೇರಿದಾಗ ಅದೇ ಕೋಣೆಯಲ್ಲಿ ಓರೆಯಾಗಿ ನಿಂತ ಮರದ ಡ್ರಾಯಿಂಗ್ ಬೋರ್ಡುಗಳಿದ್ದವು. ಟ್ರೇಸಿಂಗ್ ಕಾಗದದ ಮೇಲೆ ಇಂಕಿನ ಗೆರೆ. ಗೆರೆ ತಪ್ಪಿದರೆ ಬ್ಲೇಡಿನಿಂದ ಉಸಿರು ಬಿಗಿಹಿಡಿದು ಕೆರೆದು ತೆಗೆಯಬೇಕು. ಒಂದು ಕೂದಲೆಳೆ ಜಾಸ್ತಿ ಕೆರೆದರೆ ಕಾಗದ ತೂತಾಗಿ ವಾರದ ಕೆಲಸ ಕಸದ ಬುಟ್ಟಿಗೆ. ಬೇಸಿಗೆಯಲ್ಲೂ ಫ್ಯಾನು ಹಾಕುವಂತಿಲ್ಲ, ಕಾಗದ ಹಾರುತ್ತದೆ. ಹಣೆಯ ಬೆವರು ಟಪ್ಪನೆ ಬಿದ್ದರೆ ಗೋಡೆ ಕರಗಿ ಮಲಗುವ ಕೋಣೆ ಹೋಗಿ ಮೆಟ್ಟಿಲಿಗೆ ಸೇರಿಕೊಳ್ಳುತ್ತಿತ್ತು. ಪ್ರಿಂಟು ತೆಗೆಯುವ ಕೋಣೆಯಿಂದ ಅಮೋನಿಯಾದ ಘಾಟು ಬಂದು ಎಲ್ಲರ ಕಣ್ಣಲ್ಲೂ ಧಾರಾಕಾರ ನೀರು. ಅಕ್ಷರಶಃ ಅತ್ತು ಕಲಿತ ವಿದ್ಯೆ. ಆ ಘಾಟು ಈಗ ಎಲ್ಲಿದೆ ಎಂದು ಸ್ಕೇಲಪ್ಪ ಕಿರಿಯರ ಮುಂದೆ ಮರುಗುತ್ತಿದ್ದ. ಶೌಚಾಲಯದಲ್ಲಿ ಇದೆ ಸರ್ ಎಂದು ಅವರಲ್ಲೊಬ್ಬಳು ತಣ್ಣಗೆ ಹೇಳಿದ ಮೇಲೆ ಸ್ವಲ್ಪ ಕಡಿಮೆ ಮಾಡಿದ.

ಆ ಕಾಲದಿಂದ ಈ ಕಾಲಕ್ಕೆ ಒಂದು ಕೂದಲೂ ನರೆಯದೆ ನಡೆದು ಬಂದವನು ಒಬ್ಬನೇ, ಆರಡಿ ಮನುಷ್ಯ. ನಕ್ಷೆ ಬರೆಯುವವರು ಗೋಡೆ, ಬಾಗಿಲು ಎಲ್ಲ ಬರೆದ ಮೇಲೆ, ನೋಡುವವರಿಗೆ ಎತ್ತರದ ಅಂದಾಜು ಸಿಗಲಿ ಎಂದು ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುತ್ತಾರೆ. ಆ ಆಫೀಸಿನ ಮನುಷ್ಯ ನೆಟ್ಟಗೆ ಆರಡಿ. ಒಂದು ಕೈ ಪ್ಯಾಂಟಿನ ಜೇಬಿನಲ್ಲಿ, ಇನ್ನೊಂದು ಕೈಯಲ್ಲಿ ಬ್ರೀಫ್‌ಕೇಸು, ಮುಖಕ್ಕೆ ಕಣ್ಣು ಮೂಗು ಇಲ್ಲ. ಅವನು ಹಾಲ್‌ನಲ್ಲಿ ನಿಂತ, ಮೆಟ್ಟಿಲ ಮೇಲೆ ನಿಂತ, ಬಚ್ಚಲಿನಲ್ಲೂ ಬ್ರೀಫ್‌ಕೇಸು ಬಿಡದೆ ನಿಂತ. ಸಾವಿರಾರು ಅಡುಗೆಮನೆಗಳಲ್ಲಿ ನಿಂತರೂ ಒಂದು ಈರುಳ್ಳಿ ಹೆಚ್ಚಿದವನಲ್ಲ. ಸ್ಕೇಲಪ್ಪನ ಕೈಗೆ ಅವನು ಎಷ್ಟು ರೂಢಿಯಾಗಿದ್ದನೆಂದರೆ, ಫೋನಿನಲ್ಲಿ ಮಾತಾಡುತ್ತಾ ಕಾಗದದ ತುಂಡಿನ ಮೇಲೆ ಗೀಚಿದರೂ ಅವನೇ ಪ್ರತ್ಯಕ್ಷನಾಗುತ್ತಿದ್ದ.

ಸ್ಕೇಲಪ್ಪನ ಹೆಂಡತಿ ಬಸ್ ನಿಲ್ದಾಣದಲ್ಲಿ ಘೋಷಣೆ ಮಾಡುವವಳು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಇವತ್ತು ಬರುವುದೇ ಇಲ್ಲ ಎಂದು ಮೈಕಿನಲ್ಲಿ ಹೇಳುವ ಕೆಲಸ. ಊರಿಗೆಲ್ಲ ಪರಿಚಯದ ಧ್ವನಿ. ಮನೆಯಲ್ಲೂ ಅವಳು ಧ್ವನಿ ಏರಿಸಿದವಳಲ್ಲ. ಮುಖ್ಯವಾದದ್ದನ್ನು ಒಂದೇ ಸ್ವರದಲ್ಲಿ ಎರಡು ಸಲ ಹೇಳಿ ಸುಮ್ಮನಾಗುತ್ತಿದ್ದಳು. ಕೂಗಾಡುವ ಹೆಂಡತಿಯಾಗಿದ್ದರೆ ಸ್ಕೇಲಪ್ಪ ಹೇಗೋ ನಿಭಾಯಿಸುತ್ತಿದ್ದ. ಇಷ್ಟು ಸಮಾಧಾನದಿಂದ ರದ್ದು ಮಾಡುವವಳನ್ನು ನಿಭಾಯಿಸುವುದು ಅವನಿಗೆ ಒಲಿಯದ ವಿದ್ಯೆ.

ಅವರಿದ್ದ ಫ್ಲ್ಯಾಟಿನ ನಕ್ಷೆಯೂ ಅವನದೇ. ಅಲ್ಲಿ ಫ್ರಿಜ್ಜಿನ ಬಾಗಿಲು ತೆಗೆಯಬೇಕಾದರೆ ಅಡುಗೆಮನೆಯ ಬಾಗಿಲು ಮುಚ್ಚಬೇಕು. ಒಳಗೆ ಹೋದವರು ತಿರುಗಲು ಜಾಗವಿಲ್ಲದೆ ಬಂದ ಹಾಗೇ ಹಿಂದೆ ಹಿಂದೆ ನಡೆದು ಹೊರಬರಬೇಕು. ನಮ್ಮ ಡ್ರೈವರುಗಳಿಗೆ ರಿವರ್ಸ್ ಕಲಿಸೋಕೆ ಇಲ್ಲಿಗೆ ಕಳಿಸ್ತೀನಿ ಅಂತ ಮ್ಯಾನೇಜರಿಗೆ ಹೇಳಿದ್ದೀನಿ ಎಂದು ಹೆಂಡತಿ ಬಂದವರೆದುರು ಹೇಳುತ್ತಿದ್ದಳು. ಸ್ಕೇಲಪ್ಪ ನಗುತ್ತಿದ್ದ. ಬಂದವರೂ ನಗುತ್ತಿದ್ದರು. ಅವಳೊಬ್ಬಳು ನಗುತ್ತಿರಲಿಲ್ಲ ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ಹೀಗಿರುವಾಗ ಅಮ್ಮನ ಫೋನು ಬಂತು. ಅಮ್ಮ ಇದ್ದದ್ದು ಅವನ ತಂಗಿಯ ಮನೆಯಲ್ಲಿ. ತಂಗಿಯ ಗಂಡನಿಗೆ ವರ್ಗವಾಗಿ ಅವರು ಬೇರೆ ಊರಿಗೆ ಹೊರಟಿದ್ದರು. ಈ ವಯಸ್ಸಲ್ಲಿ ಹೊಸ ಊರಿನ ನೀರು ಕುಡಿಯೋಕೆ ನನ್ನಿಂದಾಗಲ್ಲ ಎಂದು ಅಮ್ಮ ಹಟ ಹಿಡಿದಿದ್ದಳು. ಮಗನಿಗೆ ಅವಳು ಹೇಳಿದ್ದು ಸ್ಪಷ್ಟವಾಗಿತ್ತು. ಒಂದು ತಿಂಗಳು ನಿನ್ನ ಮನೇಲಿ ಇದ್ದು ನೋಡ್ತೀನಿ. ಮನಸ್ಸಿಗೆ ಹಿಡಿಸಿದರೆ ಇರ್ತೀನಿ, ಇಲ್ಲದಿದ್ದರೆ ನರ್ಸಮ್ಮನ ಜೊತೆ ರೂಮು ಮಾಡ್ತೀನಿ. ನರ್ಸಮ್ಮ ಎಂದರೆ ಅಮ್ಮನ ಗೆಳತಿ, ಆಸ್ಪತ್ರೆಯಿಂದ ನಿವೃತ್ತಳಾದವಳು. ಇಬ್ಬರೂ ಆಗಲೇ ಹೋಗಿ ಒಂದು ರೂಮು ನೋಡಿಕೊಂಡು, ಮಂಚ ಯಾವ ಕಡೆ ಹಾಕುವುದು ಎಂಬ ಜಗಳವನ್ನೂ ಮುಗಿಸಿದ್ದರಂತೆ.

ಸ್ಕೇಲಪ್ಪ ಫೋನಿಟ್ಟು ಲೆಕ್ಕ ಹಾಕಿದ. ಅವನು ಸಣ್ಣವನಿದ್ದಾಗಲೇ ಓದಿಗೆಂದು ದೊಡ್ಡಪ್ಪನ ಮನೆ ಸೇರಿದವನು. ಆಮೇಲೆ ಹಾಸ್ಟೆಲು, ಆಮೇಲೆ ಕೆಲಸ, ಆಮೇಲೆ ಮದುವೆ. ಅಮ್ಮನ ಜೊತೆ ಒಂದೇ ಸೂರಿನಡಿ ಬಾಳಿದ್ದು ಬಾಲ್ಯದ ಆ ನಾಲ್ಕು ದಿನವಷ್ಟೇ. ಹೋದ ವರ್ಷಗಳನ್ನು ಈಗಲಾದರೂ ಒಂದಿಷ್ಟು ತಿರುಗಿ ಪಡೆಯಬೇಕು, ಅಮ್ಮ ಇಲ್ಲೇ ಇರಬೇಕು. ಅವಳನ್ನು ಹಿಡಿದಿಡುವುದು ಹೇಗೆ? ಬೇರೆ ಮಗನಾಗಿದ್ದರೆ ಅಮ್ಮನನ್ನೇ ಕೇಳುತ್ತಿದ್ದ. ಇವನು ಆರ್ಕಿಟೆಕ್ಟ್, ಕೇಳುವ ಪದ್ಧತಿ ಇಲ್ಲ. ಮನೆಯಲ್ಲಿ ಇಟ್ಟುಕೊಂಡಿದ್ದ ಹಳೇ ಡ್ರಾಯಿಂಗ್ ಬೋರ್ಡಿನ ಮುಂದೆ ನೇರ ಹೋಗಿ ಕೂತ.

ಕೂತವನಿಗೆ ಹೊಳೆದದ್ದು ಒಂದು ಮಹತ್ತರ ಯೋಜನೆ. ಬಾಲ್ಯದ ಬಾಡಿಗೆ ಮನೆಯ ಅಡುಗೆಮನೆಯನ್ನು ಇದ್ದದ್ದು ಇದ್ದ ಹಾಗೆ ತನ್ನ ಫ್ಲ್ಯಾಟಿನಲ್ಲಿ ಮತ್ತೆ ಎಬ್ಬಿಸುವುದು. ಪಕ್ಕದ ಉಗ್ರಾಣದ ಗೋಡೆ ಒಡೆದರೆ ಜಾಗ ಸಿಗುತ್ತದೆ. ಹೊಸ ಮೈಕಿನ ತರಬೇತಿಗೆಂದು ಹೆಂಡತಿ ಎರಡು ವಾರ ಊರಿನಲ್ಲಿ ಇರುವುದಿಲ್ಲ. ಅಮ್ಮ ಒಳಗೆ ಕಾಲಿಟ್ಟ ಕೂಡಲೇ ಆ ಕಾಲ ತಿರುಗಿ ಬರಬೇಕು, ಸೆರಗಿನಿಂದ ಕಣ್ಣೊರೆಸಿಕೊಳ್ಳಬೇಕು, ನರ್ಸಮ್ಮನ ರೂಮು ಗಾಳಿಗೆ ಹಾರಿಹೋಗಬೇಕು.

ಆ ಮನೆ ಈಗಿಲ್ಲ. (ಅಲ್ಲಿ ಟೈರ್ ಅಂಗಡಿ ಇದೆ. ಅಂಗಡಿಯ ನಕ್ಷೆ ಯಾರದು ಎಂದು ಕೇಳಬೇಡಿ.) ಆದರೆ ನೆನಪು ಇತ್ತು, ಅದೂ ಎಂಥ ನೆನಪು. ಸಂಜೆ ಹೊತ್ತು, ಆಟ ಮುಗಿಸಿ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಲ್ಲುತ್ತಿದ್ದ. ಕರಿಕಲ್ಲಿನ ಕಟ್ಟೆ ಅವನ ಎದೆಮಟ್ಟಕ್ಕೆ ಬರುತ್ತಿತ್ತು. ಅದರ ಮೇಲೆ ಬುಸ್ಸೆನ್ನುವ ಸೀಮೆಎಣ್ಣೆ ಸ್ಟೋವು. ಅದರ ಮೇಲೆ, ಎಷ್ಟು ಕೈ ಚಾಚಿದರೂ ನಿಲುಕದ ದೂರದಲ್ಲಿ ಒಂದು ಹಲಗೆ, ಹಲಗೆಯ ಮೇಲೆ ಸಕ್ಕರೆ ಡಬ್ಬ. ಅದಕ್ಕೂ ಮೇಲೆ ಹೆಂಚಿನ ನಡುವೆ ಕೂರಿಸಿದ ಒಂದು ಗಾಜು. ಆ ಗಾಜಿನಿಂದ ಬೆಳಕಿನ ಕೋಲೊಂದು ಓರೆಯಾಗಿ ಇಳಿದು ಅಮ್ಮನ ಬೆನ್ನ ಮೇಲೆ ಬೀಳುತ್ತಿತ್ತು. ಹೊಗೆ ಅದರೊಳಗೆ ಸುರುಳಿ ಸುತ್ತುತ್ತಿತ್ತು. ಕೋಣೆ ಎಷ್ಟು ದೊಡ್ಡದಿತ್ತೆಂದರೆ ಅಮ್ಮ ಆ ತುದಿಯಿಂದ ‘ಕೈ ತೊಳ್ಕೊಂಡ್ಯಾ’ ಎಂದರೆ ಮಾತು ಈ ತುದಿಗೆ ಬರಲು ಹೊತ್ತು ಹಿಡಿಯುತ್ತಿತ್ತು. ಅವಳ ಮುಖಕ್ಕಿಂತ ಅವಳ ಬೆನ್ನೇ ಅವನಿಗೆ ಚೆನ್ನಾಗಿ ನೆನಪಿತ್ತು. ರವಿಕೆಯ ಮೇಲೆ ಬೆವರು ಮೂಡಿಸುತ್ತಿದ್ದ ಚಿತ್ರ, ಜಡೆಯ ತುದಿಗೆ ಕಟ್ಟಿದ ಕರಿ ದಾರ, ಎಲ್ಲ.

ಕಂಪ್ಯೂಟರ್ ಮುಟ್ಟಲಿಲ್ಲ. ಹಳೇ ಪೆನ್ನುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಒಣಗಿದ್ದ ಇಂಕು ಬಿಡಿಸಿ, ಟ್ರೇಸಿಂಗ್ ಕಾಗದ ಹಾಸಿ, ಕೈಯಿಂದ ಬರೆದ. ಮೈಯೆಲ್ಲ ನಾಲಿಗೆಯಾಗಿ ಸವಿದು ಸವಿದು ಬರೆದ. ಹೊಸ್ತಿಲಲ್ಲಿ ನಿಂತವನ ಎದೆಗೆ ಕಟ್ಟೆ, ನಿಂತವನು ಕೈ ಚಾಚಿದರೂ ಸಿಗದ ಕಡೆ ಹಲಗೆ, ಎಲ್ಲವೂ ನೆನಪಿನಲ್ಲಿದ್ದ ಹಾಗೇ. ಕೊನೆಗೆ ಹೊಸ್ತಿಲಲ್ಲಿ ನಿಂತವನನ್ನೂ ಬರೆದ. ಎಡವಿದ್ದು ಇಲ್ಲಿ. ಅಲ್ಲಿ ನಿಲ್ಲಬೇಕಾದವನು ಚಡ್ಡಿ ಹಾಕಿದ ಐದು ವರ್ಷದ ಪೋರ. ಕೈ ತನ್ನ ಪಾಡಿಗೆ ತಾನು ನಿಲ್ಲಿಸಿದ್ದು ಬ್ರೀಫ್‌ಕೇಸಿನ ಆರಡಿ ಮನುಷ್ಯನನ್ನು. ಕಟ್ಟೆ ಅವನ ಎದೆಗೆ ಬಂತು. ಹಲಗೆ ಅವನ ಕೈಗೂ ಸಿಗದಷ್ಟು ಮೇಲೆ ಹೋಯಿತು. ಇಡೀ ಅಡುಗೆಮನೆ ಒಬ್ಬ ರಾಕ್ಷಸನ ಅಳತೆಗೆ ಬೆಳೆದು ನಿಂತಿತು.

ಮೇಸ್ತ್ರಿಯಾದರೂ ಕೇಳಬಹುದಿತ್ತು. ಆದರೆ ಸ್ಕೇಲಪ್ಪನ ಕಾಯಂ ಮೇಸ್ತ್ರಿ ಯಾವ ಮಾತಿಗೂ ಹೂಂ ಅನ್ನುವವನು. ಪಾಯವನ್ನು ಮಹಡಿಯ ಮೇಲೆ ಹಾಕು ಎಂದರೂ ಹೂಂ. ಆ ಗುಣಕ್ಕಾಗಿಯೇ ಕಾಯಂ ಆದವನು. ಅಳತೆ ಕೇಳಬೇಡ, ಚಿತ್ರದಲ್ಲಿ ಆ ಮನುಷ್ಯನ ಎದೆಗೆ ಬಂದ ಹಾಗೆ ಮಾಡು ಎಂದ ಸ್ಕೇಲಪ್ಪ. ಮೇಸ್ತ್ರಿ ಹೂಂ ಎಂದ. ಅಟ್ಟಣೆ ಕಟ್ಟಿಕೊಂಡು ಮೇಲೆ ನಿಂತು ಕೆಲಸ ಮಾಡುವವನಿಗೆ ಎತ್ತರ ಎಲ್ಲಿ ತಿಳಿಯಬೇಕು.

ಕೆಲಸ ಮುಗಿದ ದಿನ ಸ್ಕೇಲಪ್ಪ ಒಬ್ಬನೇ ಹೋಗಿ ಹೊಸ್ತಿಲಲ್ಲಿ ನಿಂತ. ಕಟ್ಟೆ ಎದೆಗೆ ಬಂತು. ಕೈ ಚಾಚಿದ, ಹಲಗೆ ಸಿಗಲಿಲ್ಲ. ಅದೇ, ಚೂರೂ ವ್ಯತ್ಯಾಸವಿಲ್ಲ. ಐವತ್ತು ದಾಟಿದ ಗಂಡಸು ಮತ್ತೆ ಐದು ವರ್ಷದವನಾಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಟ್ಟೆಗೆ ಗಲ್ಲ ಒರಗಿಸಿ ಅತ್ತ. ತನ್ನ ಜನ್ಮದಲ್ಲಿ ಇಷ್ಟು ನಿಖರವಾದ ಕೆಲಸ ಮಾಡಿಲ್ಲ ಎನ್ನಿಸಿತು. ಒಂದರ್ಥದಲ್ಲಿ ಅದು ನಿಜವೂ ಆಗಿತ್ತು.

ಸಂಜೆ ಹೆಂಡತಿ ತರಬೇತಿ ಮುಗಿಸಿ ಬಂದಳು. ಬ್ಯಾಗು ಕೆಳಗಿಡದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ನಿಧಾನವಾಗಿ ನಡೆದು ಕಟ್ಟೆಯ ಹತ್ತಿರ ಹೋದಳು. ಕಟ್ಟೆ ಅವಳ ಗದ್ದಕ್ಕೆ ತಾಗಿತು. ಗದ್ದವನ್ನು ಅಲ್ಲೇ ಇಟ್ಟುಕೊಂಡು, ಮೈಕಿನ ಧ್ವನಿಯಲ್ಲಿ ಹೇಳಿದಳು.

“ಪ್ರಯಾಣಿಕರ ಗಮನಕ್ಕೆ. ಈ ಮನೆಯಲ್ಲಿ ಇಂದಿನಿಂದ ಅಡುಗೆ ರದ್ದಾಗಿದೆ. ಈ ಮನೆಯಲ್ಲಿ ಇಂದಿನಿಂದ ಅಡುಗೆ ರದ್ದಾಗಿದೆ.”

ಸ್ಕೇಲಪ್ಪ ಇದರ ಹಿಂದಿನ ಭಾವನೆಯನ್ನು ವಿವರಿಸಲು ಹೋದ.

“ಭಾವನೆ ಆಮೇಲೆ. ಇದನ್ನ ಯಾರ ಅಳತೆಗೆ ಮಾಡಿಸಿದ್ರಿ?”

“ನೆನಪಿನ ಅಳತೆಗೆ.”

“ಯಾರ ನೆನಪು ರೀ, ಒಂಟೆಯದ್ದಾ?”

ಅವನು ಜಂಬದಿಂದಲೇ ನಕ್ಷೆ ತಂದು ಹಾಸಿದ. ಅವಳು ಇಂಕಿನ ಗೆರೆಯ ಅಂದ ನೋಡಲಿಲ್ಲ, ಬೆಳಕಿನ ಕೋಲು ನೋಡಲಿಲ್ಲ. ಹೊಸ್ತಿಲ ಮೇಲೆ ಬೆರಳಿಟ್ಟು, ಇವನ್ಯಾರು ಎಂದಳು. ಅಂದಾಜಿಗೆ ಹಾಕೋದು, ಎಲ್ಲ ನಕ್ಷೆಯಲ್ಲೂ ಇರ್ತಾನೆ ಎಂದ. ಆ ಜಾಗದಲ್ಲಿ ನಿಂತಿದ್ದು ನೀವಲ್ವಾ ಎಂದಳು. ಹೌದು ನಾನೇ ಎಂದ. ಆಗ ನಿಮ್ಮ ಎತ್ತರ ಎಷ್ಟು ಎಂದಳು.

ಸ್ಕೇಲಪ್ಪ ಬಾಯಿ ತೆರೆದ. ನಕ್ಷೆ ನೋಡಿದ. ಕಟ್ಟೆ ನೋಡಿದ. ಜೇಬಿನ ಸ್ಕೇಲಿಗೆ ಕೈ ಹೋಯಿತು, ಅರ್ಧದಲ್ಲೇ ನಿಂತಿತು.

ಒಡೆಸಿ ಸರಿ ಮಾಡಿಸಲು ಸಮಯವಿರಲಿಲ್ಲ. ಮರುದಿನವೇ ಅಮ್ಮ ಬಂದಳು. ಅವಳು ಸೊಸೆಗಿಂತ ಗಿಡ್ಡ. ಅಡುಗೆಮನೆಗೆ ಹೋಗಿ ಕಟ್ಟೆಯ ಅಂಚಿಗೆ ಮೂಗು ಸರಿಯಾಗಿ ನಿಂತಳು. ತುದಿಗಾಲಲ್ಲಿ ಎದ್ದು ಆಚೆ ಏನಿದೆ ಎಂದು ಇಣುಕಿದಳು. ಸ್ಕೇಲಪ್ಪ ಹಿಂದೆ ನಿಂತು ಕಣ್ಣೀರಿಗಾಗಿ ಕಾಯುತ್ತಿದ್ದ.

“ಗುರುತು ಸಿಕ್ತಾ ಅಮ್ಮ?”

“ಕೋರ್ಟಿನ ಕಟಕಟೆ ಇದ್ದ ಹಾಗಿದೆಯಲ್ಲೋ ಮಗಾ. ನನ್ನ ಮೇಲೇನಾದ್ರೂ ಕೇಸು ಹಾಕಿದ್ದೀಯಾ?”

ವಿಷಯ ತಿಳಿದ ಮೇಲೆ ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೊಸೆಯೂ ಸೇರಿಕೊಂಡಳು. ಅತ್ತೆ ಸೊಸೆಗೆ ಹೊಂದುವುದಿಲ್ಲ ಎಂದು ಲೋಕ ಹೇಳುತ್ತದೆ. ನಗಲು ಒಬ್ಬ ಗಂಡಸು ನಡುವೆ ಸಿಕ್ಕರೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಲೋಕ ಬಂದು ನೋಡಬೇಕಿತ್ತು. ಆ ಹಳೇ ಅಡುಗೆಮನೆಯಲ್ಲಿ ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತಿತ್ತು, ಸಕ್ಕರೆ ಡಬ್ಬದ ಹಲಗೆ ನನ್ನ ಹಣೆಗೆ ಬಡೀತಿತ್ತು, ಆ ಗಾಜು ಮಳೆಗಾಲದಲ್ಲಿ ಸೋರಿ ಬೇಳೆ ಪಾತ್ರೆಗೇ ನೀರು ಬೀಳ್ತಿತ್ತು ಎಂದು ಅಮ್ಮ ಒಂದೊಂದನ್ನೇ ಸೊಸೆಗೆ ಹೇಳಿದಳು. ಸ್ಕೇಲಪ್ಪ ಕೇಳುತ್ತಾ ನಿಂತ. ಅವನ ಬಾಲ್ಯ ಅವನ ಕಣ್ಣೆದುರೇ ಕುಗ್ಗುತ್ತಾ ಕುಗ್ಗುತ್ತಾ ಬಚ್ಚಲಿನಷ್ಟಾಯಿತು.

ಅಂದಿನಿಂದ ಒಲೆಯ ಕೆಲಸ ಅವನ ಪಾಲಿಗೆ ಬಂತು. ಯಾರೂ ಶಿಕ್ಷೆ ಎಂದು ವಿಧಿಸಲಿಲ್ಲ. ಆ ಕಟ್ಟೆಗೆ ಎತ್ತರ ಸಾಲುವ ಪ್ರಾಣಿ ಮನೆಯಲ್ಲಿ ಒಂದೇ ಇತ್ತು, ಅಷ್ಟೆ. ಮೊಣಕೈಗಳನ್ನು ರೆಕ್ಕೆಯಂತೆ ಎತ್ತಿಕೊಂಡು ಬೇಳೆ ಬೇಯಿಸುತ್ತಿದ್ದ. ಬೇಯದ ದಿನ ಸೀಯಿಸುತ್ತಿದ್ದ. ಹೆಂಡತಿ ಊಟದ ಮೇಜಿನಲ್ಲಿ ಕೂತು, ಅಡುಗೆ ತಾಂತ್ರಿಕ ಕಾರಣದಿಂದ ತಡವಾಗಿದೆ ಎಂದು ಅತ್ತೆಗೆ ಘೋಷಿಸುತ್ತಿದ್ದಳು.

ನಗು ನಗುತ್ತಾ ತಿಂಗಳು ಕರಗುತ್ತಿತ್ತು. ಅಮ್ಮ ಇರುತ್ತೇನೆ ಎಂದಿರಲಿಲ್ಲ. ನರ್ಸಮ್ಮ ದಿನಕ್ಕೊಮ್ಮೆ ಫೋನು ಮಾಡಿ ರೂಮಿನ ವಿಷಯ ಕೇಳುತ್ತಿದ್ದಳು. ಅಮ್ಮನಿಗೆ ಕೊಟ್ಟಿದ್ದು ಹಿಂದಿನ ಕೋಣೆ. ಅದರ ಕಿಟಕಿ ತೆರೆದರೆ ಎದುರಿಗೆ ಪಕ್ಕದ ಕಟ್ಟಡದ ಗೋಡೆ, ಗೋಡೆಗೆ ಅಂಟಿದ ನೀರಿನ ಪೈಪು. ಟಿವಿ ತೋರಿಸಿದ, ಮೆತ್ತನೆಯ ದಿಂಬು ತಂದ, ತಾನು ಬರೆದ ಬಾಗಿಲುಗಳ ಚಿತ್ರ ತೋರಿಸಿದ. ಚೆನ್ನಾಗಿದೆ ಕಣೋ, ಯಾವುದಾದರೂ ಒಂದನ್ನ ತೆರೆದಿರೋ ಹಾಗೆ ಬರೀಬಾರದಿತ್ತಾ ಎಂದಳು.

ಒಂದು ಮಧ್ಯಾಹ್ನ ಸೈಟಿನಲ್ಲಿ ಕರೆಂಟು ಹೋಗಿ ಬೇಗ ಮನೆಗೆ ಬಂದ. ಆ ಫ್ಲ್ಯಾಟಿನಲ್ಲಿ ಬೀದಿಗೆ ತೆರೆಯುವ ದೊಡ್ಡ ಕಿಟಕಿ ಇದ್ದದ್ದು ಒಂದೇ ಕಡೆ, ಅವನು ಚಿತ್ರ ಬರೆಯುವ ಕೋಣೆಯಲ್ಲಿ. ಅದರ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಮ್ಮ ಅವನ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಕೆಳಗೆ ಬೀದಿಯಲ್ಲಿ ಎದುರಿನ ದರ್ಜಿ ಅಂಗಡಿ, ಸೈಕಲ್ಲಿಗೆ ಗಾಳಿ ಹಾಕುವವನು, ಶಾಲೆ ಬಿಟ್ಟ ಮಕ್ಕಳು. ದರ್ಜಿಯವಳು ತಲೆಯೆತ್ತಿ ಏನೋ ಕೈಸನ್ನೆ ಮಾಡಿದಳು, ಅಮ್ಮ ತಿರುಗಿ ಕೈಸನ್ನೆ ಮಾಡಿ ನಕ್ಕಳು. ಇದು ದಿನದ ವಹಿವಾಟು ಎಂದು ನೋಡಿದರೇ ತಿಳಿಯುತ್ತಿತ್ತು. ಬೆಳಕು ನೇರ ಅವಳ ಮುಖದ ಮೇಲೆ ಬಿದ್ದಿತ್ತು. ಅಮ್ಮನ ಎಡಗೆನ್ನೆಯಲ್ಲಿ ನಕ್ಕಾಗ ಗುಳಿ ಬೀಳುತ್ತದೆ ಎಂಬುದು ಸ್ಕೇಲಪ್ಪನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಅವನ ಕಾಲಸಪ್ಪಳಕ್ಕೆ ಅಮ್ಮ ಬೆಚ್ಚಿ ಸ್ಟೂಲಿನಿಂದ ಇಳಿದಳು. ಸೆರಗಿನಿಂದ ಸ್ಟೂಲು ಒರೆಸಿದಳು.

“ಸುಮ್ನೆ ಕೂತಿದ್ದೆ ಕಣೋ. ನಿನ್ನ ಸಾಮಾನು ಯಾವುದೂ ಮುಟ್ಟಿಲ್ಲ.”

ಆ ಮಾತು ಅವನಿಗೆ ಚುಚ್ಚಿತು. ಹೆತ್ತವಳು ಕಳ್ಳಿಯ ಹಾಗೆ ಗೋಡೆ ಪಕ್ಕ ಸರಿದು ನಿಂತಿದ್ದಳು. ಇಲ್ಲೇ ಇದ್ದುಬಿಡಮ್ಮ, ಆ ರೂಮು ಬೇಡ ಎಂದ. ಅಮ್ಮ ಬೀದಿಯ ಕಡೆ ತಿರುಗಿದಳು.

“ಆ ಅಡುಗೆಮನೇಲಿ ಒಂದು ಕಿಟಕಿ ಇಡ್ಸಿ ಅಂತ ನಿಮ್ಮಪ್ಪನಿಗೆ ಮೊದಲ ವರ್ಷ ಹೇಳಿದೆ. ನೋಡೋಣ ಅಂದ್ರು. ಅವರು ಇರೋವರೆಗೂ ನೋಡೋಣ ಅಂತಲೇ ಇದ್ರು. ಒಳ್ಳೆಯವರೇ, ಇಲ್ಲ ಅಂತ ಒಂದು ದಿನಾನೂ ಅನ್ಲಿಲ್ಲ. ನೀನು ಹೊಸ್ತಿಲಲ್ಲಿ ನಿಂತು ನನ್ನ ನೋಡ್ತಿದ್ದೆ. ನಾನು ನೋಡ್ತಿದ್ದಿದ್ದು ಗೋಡೆ. ಬೀದೀಲಿ ಏನೋ ಗದ್ದಲ ಆಗೋದು, ಯಾರೋ ನಗೋರು, ಏನು ಅಂತ ಗೊತ್ತಾಗ್ತಿರಲಿಲ್ಲ. ಅನ್ನ ಇಳಿಸಿ ಹೊರಗೆ ಬರೋ ಹೊತ್ತಿಗೆ ಎಲ್ಲ ಮುಗಿದು ಹೋಗಿರೋದು. ನರ್ಸಮ್ಮನ ರೂಮು ಸಣ್ಣದು ಕಣೋ, ನಲ್ಲಿ ಸರಿಯಿಲ್ಲ. ಆದ್ರೆ ಬೀದಿ ಕಡೆಗಿದೆ.” ಕಿಟಕಿಯ ಅಂಚು ಸವರಿ, “ಈ ಕಿಟಕಿ ನನಗೆ ಕೊಡ್ತೀಯಾ?” ಎಂದಳು.

ಇಂಥ ಪ್ರಶ್ನೆಗೆ ಉತ್ತರ ಕೊಡಲು ಮಗನಾದವನಿಗೆ ಎಷ್ಟು ಹೊತ್ತು ಬೇಕು? ಸ್ಕೇಲಪ್ಪ ಕೋಣೆಯ ಸುತ್ತ ಕಣ್ಣಾಡಿಸಿದ. ಕೆಲಸಕ್ಕೆ ಸೇರಿದ ದಿನಗಳ ಬೋರ್ಡು, ಆಫೀಸಿನವರು ಎಸೆಯಲು ಹೊರಟಾಗ ಬೇಡಿ ತಂದದ್ದು. ರಟ್ಟಿನಲ್ಲಿ ಮಾಡಿದ ಪುಟ್ಟ ಪುಟ್ಟ ಮನೆಗಳು. ಭಾನುವಾರದ ಬಾಗಿಲುಗಳು. ಅವನ ಇಡೀ ಕಳೆದ ಕಾಲ ಇಲ್ಲೇ ಕೂತಿತ್ತು. ಚಿತ್ರಕ್ಕೆ ಉತ್ತರ ದಿಕ್ಕಿನ ಬೆಳಕೇ ಬೇಕಮ್ಮ, ಬೇರೆ ಬೆಳಕಲ್ಲಿ ನೆರಳು ಬೀಳುತ್ತೆ ಎಂದು ಶುರುಮಾಡಿದ. ಅಮ್ಮ ತಲೆಯಾಡಿಸಿದಳು. ಅವಳ ಮುಖ ನೋಡಲಾಗದೆ ಅವನು ಇನ್ನೊಂದು ಮಾತು ಸೇರಿಸಿದ.

“ನೋಡೋಣ.”

ಬಾಯಿಂದ ಬಿದ್ದ ಮೇಲೆ ಆ ಮಾತಿನ ಸ್ವರ ಅವನ ಕಿವಿಗೇ ಬಡಿಯಿತು. ಅದು ಅವನ ಸ್ವರವಾಗಿರಲಿಲ್ಲ. ಅಪ್ಪ ಪೇಪರಿನ ಹಿಂದಿನಿಂದ ಹೇಳುತ್ತಿದ್ದ ಅದೇ ಮೃದುತನ, ಅದೇ ಸಜ್ಜನಿಕೆ. ಅಮ್ಮನಿಗೂ ಕೇಳಿಸಿರಬೇಕು. ಅವಳು ನಗುತ್ತಾ, ಇರ್ಲಿ ಬಿಡೋ, ನನಗೆ ಅಭ್ಯಾಸ ಇದೆ ಎಂದು ಹಿಂದಿನ ಕೋಣೆಗೆ ಹೊರಟಳು.

ಬೈದಿದ್ದರೆ ಬಹುಶಃ ಅವನು ವಾದ ಮಾಡುತ್ತಿದ್ದ. ಅಭ್ಯಾಸ ಇದೆ ಎಂದದ್ದಕ್ಕೆ ವಾದ ಎಲ್ಲಿಂದ ತರುವುದು. ಸ್ಕೇಲಪ್ಪ ಬೋರ್ಡಿನ ಎರಡು ತುದಿ ಹಿಡಿದು ಎತ್ತಿದ.

ಎತ್ತಿದ ಮೇಲೆ ಇಡುವುದೆಲ್ಲಿ ಎಂಬ ಪ್ರಶ್ನೆ ಬಂತು. ಹಾಲಿನಲ್ಲಿ ಸೋಫಾ, ಮಲಗುವ ಕೋಣೆಯಲ್ಲಿ ಬೀರು, ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚ. ಬೋರ್ಡನ್ನು ತಬ್ಬಿಕೊಂಡು ತಾನೇ ಬರೆದ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಅಲೆದ. ಕೆಲಸ ಮುಗಿಸಿ ಬಂದ ಹೆಂಡತಿ ಕಂಡದ್ದು ಇದನ್ನೇ. ಯಾಕೆ, ಏನು ಎಂದು ಕೇಳಲಿಲ್ಲ. ಕಿಟಕಿಯ ಬಳಿ ಅತ್ತೆಯ ಕನ್ನಡಕ ನೋಡಿದಳು, ತಿಳಿದುಕೊಂಡಳು. ಗಂಡನ ತೋಳು ಹಿಡಿದು ಅಡುಗೆಮನೆಗೆ ಕರೆದೊಯ್ದು ಬೋರ್ಡನ್ನು ಕಟ್ಟೆಯ ಮೇಲೆ ಇಡಿಸಿದಳು. ನಿಂತು ಬರೆಯಲು ಹೇಳಿ ಮಾಡಿಸಿದ ಎತ್ತರ. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ.

“ಮೇಸ್ತ್ರಿನ ಕರೆಸಿ ಕಟ್ಟೆ ಇಳಿಸೋದಾ?” ಎಂದ ಸ್ಕೇಲಪ್ಪ, ಆಸೆಯಿಂದ.

“ಬೇಡ ಅಂತ ಬೆಳಿಗ್ಗೆನೇ ಹೇಳಿದೆ. ಹೂಂ ಅಂದ.”

ಈಗ ಅವನು ಅಲ್ಲೇ ನಿಲ್ಲುತ್ತಾನೆ. ಎಡಗಡೆ ಹಾಲು, ಬಲಗಡೆ ಇಂಕು. ಇಂಕಿನ ಗೆರೆ ಒಣಗುವ ಹೊತ್ತಿಗೆ ಹಾಲು ಉಕ್ಕುತ್ತದೆ. ಹಾಲು ನೋಡಲು ಹೋದರೆ ಗೆರೆ ಅಡ್ಡ ಹೋಗುತ್ತದೆ. ಬೀದಿಯಲ್ಲಿ ಏನೋ ಗದ್ದಲವಾಗುತ್ತದೆ, ಮುಂದಿನ ಕೋಣೆಯಲ್ಲಿ ಅತ್ತೆ ಸೊಸೆ ಕಿಟಕಿಗೆ ಒರಗಿ ಜೋರಾಗಿ ನಗುತ್ತಾರೆ. ಏನಾಯ್ತು ಎಂದು ಇವನು ಸೌಟು ಹಿಡಿದು ಓಡುತ್ತಾನೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಯ್ಯೋ, ನೀನು ಸ್ವಲ್ಪ ಮುಂಚೆ ಬರಬೇಕಿತ್ತು ಕಣೋ ಎನ್ನುತ್ತಾಳೆ ಅಮ್ಮ. ನರ್ಸಮ್ಮ ಆ ರೂಮನ್ನು ಬೇರೆಯವರಿಗೆ ಬಿಟ್ಟುಕೊಟ್ಟಳು. ವಾರಕ್ಕೊಮ್ಮೆ ಬಂದು ಕಿಟಕಿಯಲ್ಲಿ ತನ್ನ ಪಾಲು ಕೇಳುತ್ತಾಳೆ.

ಆಫೀಸಿನಲ್ಲಿ ಮೊನ್ನೆ ಒಂದು ಮನೆಯ ನಕ್ಷೆ ಬರೆಯುವಾಗ ಸ್ಕೇಲಪ್ಪ ಬೀದಿಯ ಕಡೆಯ ಬೆಳಕನ್ನೆಲ್ಲ ಮೊದಲು ಅಡುಗೆಮನೆಗೆ ಕೊಟ್ಟ. ಮನೆ ಕಟ್ಟಿಸುವವರು ಬಂದು ನೋಡಿ, ಕೂರುವ ಹಾಲ್ ಎಲ್ಲಿ ಸರ್ ಎಂದು ಗಾಬರಿಯಾದರು. ಉಳಿದಿರೋ ಜಾಗದಲ್ಲಿ ಎಂದ. ಅವರು ಎದ್ದು ಬೇರೆ ಆರ್ಕಿಟೆಕ್ಟ್ ಹತ್ತಿರ ಹೋದರು. ಜೊತೆಗೆ ಬಂದಿದ್ದ ಅವರ ಹೆಂಡತಿ ಮಾತ್ರ ಬಾಗಿಲವರೆಗೆ ಹೋದವರು ತಿರುಗಿ ಆ ಹಾಳೆಯನ್ನು ಇನ್ನೊಮ್ಮೆ ನೋಡಿದರು. ಅಷ್ಟೆ. ಅದರಿಂದ ಲೋಕ ಬದಲಾಗಲಿಲ್ಲ.

ಸ್ಕೇಲಪ್ಪನ ಪಾಡು ಸ್ಕೇಲಪ್ಪನಿಗಿರಲಿ. ಇದನ್ನು ಓದುತ್ತಾ ನೀವು ಕೂತಿರುವುದೆಲ್ಲಿ? ಗಾಳಿ ಬೆಳಕು ಚೆನ್ನಾಗಿ ಬರುವ ಕಡೆ ತಾನೇ? ಈ ಹೊತ್ತಿನಲ್ಲಿ ನಿಮ್ಮ ಮನೆಯ ಒಲೆಯ ಮುಂದೆ ನಿಂತಿರುವವರು ಯಾರು, ಅವರ ಕಣ್ಣೆದುರು ಏನಿದೆ? ಗೊತ್ತಿಲ್ಲವಾದರೆ ಹೋಗಿ ಪಕ್ಕದಲ್ಲಿ ನಿಂತು ನೋಡಿ. ಗೋಡೆ ಒಡೆಸುವುದು, ಕಿಟಕಿ ಇಡಿಸುವುದು, ಅದಕ್ಕೆಲ್ಲ ಸಮಯ ಹಿಡಿಯುತ್ತದೆ, ಒಪ್ಪೋಣ. ಕುರ್ಚಿ ಬಿಟ್ಟುಕೊಡಲು ಯಾವ ನಕ್ಷೆಯೂ ಬೇಡ. ಸೌಟು ಇಸಿದುಕೊಂಡು ಅವರನ್ನು ಇಲ್ಲಿಗೆ ಕಳಿಸಿ. ಏಳಿ.